ಹಸಿ ಸಿಮೆಂಟಿನಲ್ಲಿ ಉಳಿದವರು, ಉಳಿಯದವರು

ಅಮೆರಿಕದ ಲಾಸ್ ಏಂಜಲಿಸ್ ನಗರದ ಹಾಲಿವುಡ್ ಬುಲೆವಾರ್ಡ್ ಎಂಬ ರಸ್ತೆಯಲ್ಲಿ ಒಂದು ಚಿತ್ರಮಂದಿರವಿದೆ. ಅಲ್ಲಿಗೆ ಬರುವ ಪ್ರವಾಸಿಗಳಲ್ಲಿ ಹೆಚ್ಚಿನವರು ಟಿಕೆಟ್ ಕೊಳ್ಳುವುದಿಲ್ಲ, ಒಳಗೆ ಯಾವ ಚಿತ್ರ ನಡೆಯುತ್ತಿದೆ ಎಂದು ಕೇಳುವುದೂ ಇಲ್ಲ. ಏನನ್ನೋ ಕಳೆದುಕೊಂಡವರಂತೆ ತಲೆ ತಗ್ಗಿಸಿಕೊಂಡು ಅಂಗಳದಲ್ಲೇ ಅಡ್ಡಾಡುತ್ತಾರೆ. ಆಗಾಗ ಯಾರೋ ಒಬ್ಬರು ಮಂಡಿಯೂರಿ ನೆಲದ ಮೇಲಿನ ಗುಳಿಯಲ್ಲಿ ಅಂಗೈ ಇಟ್ಟು ನೋಡುತ್ತಾರೆ. ಹೊಂದಿದರೆ ನಗು, ಹೊಂದದಿದ್ದರೂ ನಗು. ಹಳೆಯ ನಟಿಯರ ಪಾದದ ಅಚ್ಚುಗಳಂತೂ ಎಷ್ಟು ಚಿಕ್ಕವೆಂದರೆ, ತೆರೆಯ ಮೇಲೆ ಬೃಹದಾಕಾರವಾಗಿ ಕಂಡವರು ಇವರೇನೇ ಎಂದು ಅನುಮಾನ ಬರುವಷ್ಟು.

ಇದು ಗ್ರೌಮನ್ಸ್ ಚೈನೀಸ್ ಥಿಯೇಟರ್. ಅದರ ಅಂಗಳದ ಸುಮಾರು 200 ಸಿಮೆಂಟ್ ಚೌಕಗಳಲ್ಲಿ ಚಿತ್ರತಾರೆಯರ ಕೈ, ಕಾಲು ಮತ್ತು ರುಜು ಅಚ್ಚಾಗಿವೆ. ಹೊರಗಿನ ಕಾಲುದಾರಿಯಲ್ಲಿರುವ ಹಿತ್ತಾಳೆ ಅಂಚಿನ ನಕ್ಷತ್ರಗಳನ್ನೂ ಈ ಅಚ್ಚುಗಳನ್ನೂ ಹಲವರು ಒಂದೇ ಎಂದು ತಿಳಿಯುವುದುಂಟು. ನಕ್ಷತ್ರಗಳ ಸಾಲು 1960ರ ಸುಮಾರಿಗೆ ಬಂದದ್ದು, ಅದರ ಆಡಳಿತವೇ ಬೇರೆ. ಅಂಗಳದ ಅಚ್ಚುಗಳು ಅದಕ್ಕಿಂತ ಮೂರು ದಶಕ ಹಳೆಯವು, ಚಿತ್ರಮಂದಿರಕ್ಕೇ ಸೇರಿದವು.

ಇದನ್ನು ಕಟ್ಟಿಸಿದ ಸಿಡ್ ಗ್ರೌಮನ್ ಹುಟ್ಟಾ ತಮಾಷೆಗಾರ, ಹುಟ್ಟಾ ವ್ಯಾಪಾರಿ. 1879ರಲ್ಲಿ ಜನಿಸಿದ ಈತ ಹುಡುಗನಾಗಿದ್ದಾಗ ತಂದೆಯ ಜತೆ ಚಿನ್ನ ಹುಡುಕಲು ಉತ್ತರದ ಹಿಮಪ್ರದೇಶಕ್ಕೆ ಹೋಗಿದ್ದ. ಚಿನ್ನ ಕೈಗೆ ಹತ್ತಲಿಲ್ಲ. ಆದರೆ ಹಿಮದ ನಡುವೆ ಬೇಸತ್ತು ಕುಳಿತ ಜನ ಒಂದು ಪತ್ರಿಕೆಗೆ, ಒಂದು ಸಂಜೆಯ ಮನರಂಜನೆಗೆ ಎಷ್ಟು ಬೇಕಾದರೂ ಹಣ ಕೊಡುತ್ತಾರೆ ಎಂಬುದನ್ನು ಕಂಡುಕೊಂಡ. 1906ರ ಭೂಕಂಪದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರ ನೆಲಕಚ್ಚಿದಾಗ ಅಲ್ಲಿ ಡೇರೆ ಹಾಕಿ ಚಿತ್ರ ತೋರಿಸಿದ. ಮುಂದೆ ಲಾಸ್ ಏಂಜಲಿಸ್‌ಗೆ ಬಂದು 1918ರಲ್ಲಿ 'ಮಿಲಿಯನ್ ಡಾಲರ್' ಚಿತ್ರಮಂದಿರ, 1922ರಲ್ಲಿ ಈಜಿಪ್ಟಿನ ದೇಗುಲದ ಮಾದರಿಯ ಇನ್ನೊಂದು ಚಿತ್ರಮಂದಿರ ತೆರೆದ. ಈಜಿಪ್ಟಿನಲ್ಲಿ ಟೂಟಾಂಖಾಮನ್ ದೊರೆಯ ಸಮಾಧಿ ಪತ್ತೆಯಾದದ್ದು ಅದೇ ವರ್ಷದ ನವೆಂಬರಿನಲ್ಲಿ, ಅಂದರೆ ಚಿತ್ರಮಂದಿರ ತೆರೆದ ಮುಂದಿನ ತಿಂಗಳು. ಅದೃಷ್ಟವೆಂದರೆ ಇದೇ ಇರಬೇಕು.

ಈಜಿಪ್ಟ್ ಆಯಿತು, ಇನ್ನು ಚೀನಾ ಎಂದು ಹೊರಟ ಗ್ರೌಮನ್. ಅಂದಿನ ಮೂಕಿ ಚಿತ್ರಗಳ ರಾಣಿ ಮೇರಿ ಪಿಕ್‌ಫೋರ್ಡ್, ಆಕೆಯ ಪತಿ ಡಗ್ಲಾಸ್ ಫೇರ್‌ಬ್ಯಾಂಕ್ಸ್ ಈ ಸಾಹಸದಲ್ಲಿ ಪಾಲುದಾರರಾದರು. ವಾಸ್ತುಶಿಲ್ಪಿ ರೇಮಂಡ್ ಕೆನೆಡಿ. ವೆಚ್ಚ 21 ಲಕ್ಷ ಡಾಲರು. ಎದುರಿಗೆ ಎರಡು ಭಾರಿ ಹವಳಗೆಂಪು ಕಂಬಗಳು, ಅವುಗಳ ಮೇಲೆ 90 ಅಡಿ ಎತ್ತರಕ್ಕೇರಿದ ಕಂಚಿನ ಛಾವಣಿ, ನಡುವೆ 30 ಅಡಿಯ ಕಲ್ಲಿನ ಡ್ರ್ಯಾಗನ್, ಬಾಗಿಲ ಎರಡು ಬದಿಗೆ ಕಾವಲು ಕುಳಿತ 'ಸ್ವರ್ಗದ ನಾಯಿ'ಗಳ ಕಲ್ಲಿನ ವಿಗ್ರಹಗಳು. ದೇವಾಲಯದ ಗಂಟೆ ಮುಂತಾದ ವಸ್ತುಗಳನ್ನು ಸರ್ಕಾರದ ಅನುಮತಿ ಪಡೆದು ಚೀನಾದಿಂದಲೇ ತರಿಸಿದ. ಕೆತ್ತನೆಯ ಕೆಲಸಕ್ಕೆ ಚೀನೀ ಕುಶಲಕರ್ಮಿಗಳನ್ನು ಹಚ್ಚಿದ. 1927ರ ಮೇ 18ರಂದು ಪ್ರಾರಂಭೋತ್ಸವ. ಚೀನೀ ಗುಡಿಯಂಥ ಈ ಕಟ್ಟಡದಲ್ಲಿ ಮೊದಲು ತೋರಿಸಿದ್ದು ಯೇಸುಕ್ರಿಸ್ತನ ಕಥೆ, ಸೆಸಿಲ್ ಡಿಮಿಲ್ ನಿರ್ದೇಶನದ 'ದಿ ಕಿಂಗ್ ಆಫ್ ಕಿಂಗ್ಸ್'. ಇದರಲ್ಲಿ ಯಾರಿಗೂ ವಿಚಿತ್ರವೇನೂ ಕಂಡಂತಿಲ್ಲ.

ಇನ್ನು ಅಚ್ಚುಗಳ ಕಥೆ. ಇದು ಹೇಗೆ ಶುರುವಾಯಿತು ಎಂಬುದಕ್ಕೆ ಒಂದಕ್ಕಿಂತ ಹೆಚ್ಚು ಉತ್ತರಗಳಿವೆ. ನಟಿ ನಾರ್ಮಾ ಟಾಲ್ಮಡ್ಜ್ ಕಾರಿನಿಂದಿಳಿದು ಬರುವಾಗ ತಿಳಿಯದೆ ಹಸಿ ಸಿಮೆಂಟಿನಲ್ಲಿ ಕಾಲಿಟ್ಟಳು, ಅದನ್ನು ಕಂಡು ಗ್ರೌಮನ್‌ಗೆ ಹೊಳೆಯಿತು ಎಂಬುದು ಜನಪ್ರಿಯವಾದ ಕಥೆ. ಮೆತ್ತಗಿದ್ದ ಕಾಂಕ್ರೀಟನ್ನು ತುಳಿದದ್ದು ತಾನೇ ಎಂದು ಗ್ರೌಮನ್ 1937ರಲ್ಲಿ ರೇಡಿಯೋದಲ್ಲಿ ಹೇಳಿದ. ಮೂರನೆಯದು ಜೀನ್ ಕ್ಲಾಸ್ನರ್ ಎಂಬ ಸಿಮೆಂಟ್ ಮೇಸ್ತ್ರಿಯ ಕಥೆ. ತನ್ನ ಕೆಲಸ ಮುಗಿದ ಮೇಲೆ ಅದರ ಮೇಲೆ ಗುರುತು ಹಾಕುವುದು ಆತನ ಮನೆತನದ ರೂಢಿಯಂತೆ. ಹಾಗೆ ಆತ ಜಾಹೀರಾತು ಚೌಕಟ್ಟಿನ ಪಕ್ಕದಲ್ಲಿ ಕೈ ಒತ್ತಿ ಹೆಸರು ಬರೆದದ್ದನ್ನು ಗ್ರೌಮನ್ ಕಂಡ, ಇಬ್ಬರೂ ಅಲ್ಲೇ ನಿಂತು ಯೋಜನೆ ಹಾಕಿದರು ಎನ್ನುತ್ತಾರೆ. ದಾಖಲೆಯ ಪ್ರಕಾರ ಮೊದಲ ಅಚ್ಚು ಪಿಕ್‌ಫೋರ್ಡ್ ಮತ್ತು ಫೇರ್‌ಬ್ಯಾಂಕ್ಸ್ ದಂಪತಿಯದು, 1927ರ ಏಪ್ರಿಲ್ 30. ಟಾಲ್ಮಡ್ಜ್‌ಳದು ಪ್ರಾರಂಭೋತ್ಸವದ ದಿನದ್ದು. ಮೂರು ಕಥೆಗಳಲ್ಲಿ ನನಗೆ ಮೇಸ್ತ್ರಿಯದೇ ಹೆಚ್ಚು ಒಪ್ಪಿಗೆ. ಅದಕ್ಕೆ ಕಾರಣವೂ ಇದೆ: 1927ರ ಇಸವಿಯಿರುವ ಆತನ ರುಜು ಮತ್ತು ಕೈ ಗುರುತು ಇಂದಿಗೂ ಅಲ್ಲಿವೆ. ತಾರೆಯರ ಹೆಸರು ಹುಡುಕುವ ಗಡಿಬಿಡಿಯಲ್ಲಿ ಅದನ್ನು ಗಮನಿಸುವವರು ಕಡಿಮೆ.

ಮೇಸ್ತ್ರಿಯ ಕೆಲಸ ಕಾಣುವಷ್ಟು ಸುಲಭದ್ದಲ್ಲ. ನೀರು ಬೆರೆತ ಗಳಿಗೆಯಿಂದಲೇ ಸಿಮೆಂಟು ಬಿಗಿಯತೊಡಗುತ್ತದೆ. ತೀರ ತೆಳುವಾಗಿದ್ದಾಗ ಒತ್ತಿದರೆ ಅಚ್ಚು ಮತ್ತೆ ಮುಚ್ಚಿಕೊಳ್ಳುತ್ತದೆ, ತಡವಾದರೆ ಬೆರಳು ಇಳಿಯುವುದಿಲ್ಲ. ಈ ನಡುವಣ ಹದದಲ್ಲಿ ತಾರೆ ಬಗ್ಗಬೇಕು, ಕೈ ಊರಬೇಕು, ಪಾದ ಇಡಬೇಕು, ಕಡ್ಡಿಯಿಂದ ಹೆಸರು ಗೀಚಬೇಕು, ಛಾಯಾಗ್ರಾಹಕರ ಕಡೆ ನೋಡಿ ನಗಬೇಕು. ಕ್ಲಾಸ್ನರ್ ತನ್ನ ಮಿಶ್ರಣದ ಅಳತೆಯನ್ನು ಗುಟ್ಟಾಗಿಟ್ಟುಕೊಂಡಿದ್ದ.

ಬರಬರುತ್ತಾ ಕೈಕಾಲು ಸಾಲದಾಯಿತು. ಪ್ರತಿಯೊಬ್ಬರೂ ತಮ್ಮ ಹೆಚ್ಚುಗಾರಿಕೆಯನ್ನು ಒತ್ತಿದರು. ಹೆರಾಲ್ಡ್ ಲಾಯ್ಡ್ ತನ್ನ ದುಂಡು ಕನ್ನಡಕವನ್ನು, ಗ್ರೌಚೊ ಮಾರ್ಕ್ಸ್ ಚುಟ್ಟವನ್ನು, ಸೋನ್ಯಾ ಹೆನಿ ಹಿಮದ ಮೇಲೆ ಜಾರುವ ಸ್ಕೇಟುಗಳನ್ನು ಒತ್ತಿದರು. ಮಂಡಿಯೂರಿ ಹಾಡುತ್ತಿದ್ದ ಆಲ್ ಜಾಲ್ಸನ್ ಮಂಡಿಗಳನ್ನೇ ಊರಿದ. ಉದ್ದ ಮೂಗಿನ ಹಾಸ್ಯನಟ ಜಿಮ್ಮಿ ಡುರಾಂಟೆ ಮೂಗು ಕೊಟ್ಟ, ಬೆಟ್ಟಿ ಗ್ರೇಬಲ್ ಕಾಲಿನ ಅಚ್ಚು ಕೊಟ್ಟಳು, ಜಾನ್ ವೇನ್ ಮುಷ್ಟಿ ಕೊಟ್ಟ. 1953ರ ಜೂನಿನಲ್ಲಿ ಮರ್ಲಿನ್ ಮನ್ರೋ ಮತ್ತು ಜೇನ್ ರಸೆಲ್ ಒಟ್ಟಿಗೆ ಬಗ್ಗಿ ಕೈ ಊರಿದರು. ಮನ್ರೋ ತನ್ನ ಹೆಸರಿನ ಒಂದು ಅಕ್ಷರದ ಚುಕ್ಕೆಗೆ ಹೊಳೆಯುವ ಹರಳು ಇಡಿಸಿದ್ದಳೆಂದೂ, ಅದನ್ನು ಯಾರೋ ಕಿತ್ತೊಯ್ದರೆಂದೂ ಹೇಳುತ್ತಾರೆ.

ಹಳೆಯ ಚೌಕಗಳ ಒಕ್ಕಣೆ ಗಮನಿಸುವಂತಿದೆ. ಅನೇಕವು 'ಸಿಡ್'ನನ್ನು ಹೆಸರಿಟ್ಟೇ ಕರೆದು ಶುಭ ಕೋರುತ್ತವೆ. ಅಂದರೆ ಇದು ಅಕಾಡೆಮಿಯೋ ಸರ್ಕಾರವೋ ಕೊಟ್ಟ ಗೌರವವಲ್ಲ. ಚಿತ್ರಮಂದಿರದ ಯಜಮಾನ ಕರೆದ, ಇವರು ಬಂದರು. ಬಹುಮಟ್ಟಿಗೆ ಹೊಸ ಚಿತ್ರವೊಂದರ ಬಿಡುಗಡೆಗೆ ಹೊಂದಿಸಿಯೇ ಸಮಾರಂಭ ಇಡುತ್ತಿದ್ದರು. ಪತ್ರಿಕೆಗಳಲ್ಲಿ ಚಿತ್ರ ಬರುತ್ತಿತ್ತು, ಸ್ಟುಡಿಯೋಗೂ ಲಾಭ, ಥಿಯೇಟರಿಗೂ ಲಾಭ. ಗ್ರೌಮನ್ 1929ರಲ್ಲಿ ತನ್ನ ಪಾಲನ್ನು ಫಾಕ್ಸ್ ಸಂಸ್ಥೆಗೆ ಮಾರಿದ ಮೇಲೂ 1950ರಲ್ಲಿ ಸಾಯುವ ತನಕ ಅಲ್ಲಿಯೇ ನಿರ್ದೇಶಕನಾಗಿ ನಿಂತು ಈ ಪದ್ಧತಿಯನ್ನು ನಡೆಸಿದ. ಅಂಗಳವನ್ನು ಚಿತ್ರರಂಗದ ಇತಿಹಾಸವೆಂದು ಓದುವವರು ಅದು ಮೊದಲಿಗೆ ಪ್ರಚಾರದ ಪುಸ್ತಕ ಎಂಬುದನ್ನು ಮರೆಯಬಾರದು. ಆ ಪುಸ್ತಕದಲ್ಲಿ ಯಾರಿದ್ದಾರೆ ಎಂದು ನೋಡಿದಷ್ಟೇ ಯಾರಿಲ್ಲ ಎಂದೂ ನೋಡಬೇಕು.

ಮೊದಲು ಕಣ್ಣಿಗೆ ಬೀಳುವ ಗೈರುಹಾಜರಿ ಅನ್ನಾ ಮೇ ವಾಂಗ್‌ಳದು. ಲಾಸ್ ಏಂಜಲಿಸ್‌ನಲ್ಲಿಯೇ 1905ರಲ್ಲಿ ಹುಟ್ಟಿದ ಚೀನೀ ಮೂಲದ ಹುಡುಗಿ. ತಂದೆ ಬಟ್ಟೆ ಒಗೆಯುವ ಅಂಗಡಿ ಇಟ್ಟಿದ್ದರು. 1922ರಲ್ಲಿ 'ದಿ ಟೋಲ್ ಆಫ್ ದಿ ಸೀ' ಚಿತ್ರಕ್ಕೆ ನಾಯಕಿಯಾದಾಗ ಆಕೆಗೆ ಹದಿನೇಳು. 1924ರ 'ದಿ ಥೀಫ್ ಆಫ್ ಬಾಗ್ದಾದ್' ಚಿತ್ರದಲ್ಲಿ ಮಂಗೋಲ ದಾಸಿಯಾಗಿ ನಟಿಸಿ ಹೆಸರು ಮಾಡಿದಳು. ಆ ಚಿತ್ರದ ನಾಯಕ, ನಿರ್ಮಾಪಕ ಬೇರಾರೂ ಅಲ್ಲ, ಮುಂದೆ ಚೈನೀಸ್ ಥಿಯೇಟರಿನ ಪಾಲುದಾರನಾದ ಫೇರ್‌ಬ್ಯಾಂಕ್ಸ್. ಥಿಯೇಟರಿನ ಕಟ್ಟಡ ಏಳುವಾಗ ನಾರ್ಮಾ ಟಾಲ್ಮಡ್ಜ್ ಜತೆಗೆ ವಾಂಗ್‌ಳನ್ನೂ ಕರೆಸಿ ಉಕ್ಕಿನ ಚೌಕಟ್ಟಿನ ಮೊದಲ ರಿವೆಟ್ ಬಡಿಸಿದರು. ಚೀನೀ ಹೆಸರಿನ ಕಟ್ಟಡಕ್ಕೆ ಚೀನೀ ಮುಖವೊಂದು ಬೇಕಿತ್ತು. ಆದರೆ ಸಿಮೆಂಟಿನಲ್ಲಿ ಕೈ ಒತ್ತಲು ಟಾಲ್ಮಡ್ಜ್‌ಳನ್ನು ಕರೆದರೇ ಹೊರತು ವಾಂಗ್‌ಳನ್ನು ಆ ದಿನವೂ ಕರೆಯಲಿಲ್ಲ, 1961ರಲ್ಲಿ ಆಕೆ ತೀರಿಕೊಳ್ಳುವವರೆಗೂ ಕರೆಯಲಿಲ್ಲ.

ಆ ಕಾಲವನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ. ಚೀನೀ ಕಾರ್ಮಿಕರು ಅಮೆರಿಕಕ್ಕೆ ಬರುವುದನ್ನು 1882ರ ಕಾಯಿದೆ ನಿಷೇಧಿಸಿತ್ತು. ಆ ಕಾಯಿದೆ ರದ್ದಾದದ್ದು 1943ರಲ್ಲಿ. ಗಂಟೆಗಳಿಗೆ ಸಿಕ್ಕಿದ ಅನುಮತಿ ಮನುಷ್ಯರಿಗೆ ಇರಲಿಲ್ಲ. ಇನ್ನೊಂದು ಸಂಗತಿ: ಲಾಸ್ ಏಂಜಲಿಸ್‌ನ ಹಳೆಯ ಚೀನೀ ಪೇಟೆಯನ್ನು 1930ರ ದಶಕದಲ್ಲಿ ರೈಲು ನಿಲ್ದಾಣಕ್ಕಾಗಿ ಕೆಡವಿದರು. 1939ರಲ್ಲಿ ಅಲ್ಲಿ ಯೂನಿಯನ್ ಸ್ಟೇಷನ್ ಆರಂಭವಾಯಿತು. ನಿಜವಾದ ಚೀನೀಯರು ಬಾಳಿದ ಮನೆಗಳು ಹೋದವು, ಗ್ರೌಮನ್ ಕಲ್ಪಿಸಿದ ಚೀನಾ ನಿಂತಿತು. 1968ರಲ್ಲಿ ನಗರಾಡಳಿತ ಅದನ್ನು ಚಾರಿತ್ರಿಕ ಸ್ಮಾರಕವೆಂದೂ ಘೋಷಿಸಿತು.

ತೆರೆಯ ಮೇಲೂ ಇದೇ ನ್ಯಾಯ. ಪರ್ಲ್ ಬಕ್ ಕಾದಂಬರಿ 'ದಿ ಗುಡ್ ಅರ್ಥ್' ಚಲನಚಿತ್ರವಾದಾಗ (1937) ಚೀನೀ ರೈತ ಹೆಂಗಸು ಓಲಾನ್ ಪಾತ್ರಕ್ಕೆ ವಾಂಗ್ ಆಸೆಪಟ್ಟಿದ್ದಳು. ನಾಯಕನ ಪಾತ್ರ ಬಿಳಿಯ ನಟ ಪಾಲ್ ಮುನಿಗೆ ಹೋಗಿತ್ತು. ಬಿಳಿಯ ನಟನಿಗೆ ಏಷ್ಯಾ ಮೂಲದ ನಟಿಯನ್ನು ಹೆಂಡತಿಯಾಗಿ ತೋರಿಸುವುದಕ್ಕೆ ಅಂದಿನ ಚಿತ್ರೋದ್ಯಮದ ನಿಯಮಾವಳಿ ಅಡ್ಡಬಂತು. ಓಲಾನ್ ಆದದ್ದು ಲೂಯಿಸ್ ರೈನರ್. ಆಕೆಗೆ ಆಸ್ಕರ್ ಬಂತು. ವಾಂಗ್‌ಗೆ ಸಿಕ್ಕಬಹುದಾಗಿದ್ದದ್ದು ಕಥೆಯಲ್ಲಿ ಮನೆಮುರಿಯುವ ಲೋಟಸ್ ಎಂಬ ಹೆಣ್ಣಿನ ಪಾತ್ರ. ಚಿತ್ರದಲ್ಲಿ ಉಳಿದವರೆಲ್ಲ ಬಣ್ಣ ಬಳಿದು ಚೀನೀಯರಾಗುವಾಗ ನಿಜವಾದ ಚೀನೀ ರಕ್ತದವಳು ಮಾತ್ರ ಕೆಟ್ಟವಳಾಗಬೇಕೇ ಎಂದು ಆಕೆ ನಿರಾಕರಿಸಿದಳು. ಅದೇ ಚಿತ್ರದಲ್ಲಿ ಹಿರಿಯ ಮಗನಾಗಿ ನಟಿಸಿದ ಕೀ ಲ್ಯೂಕ್ ನಟನಾಗುವ ಮೊದಲು ಚಿತ್ರಕಲಾವಿದ. ಚೈನೀಸ್ ಥಿಯೇಟರಿನ ಒಳಗೋಡೆಯ ಚಿತ್ರಗಳಿಗೆ ಕೈಹಚ್ಚಿದವರಲ್ಲಿ ಆತನೂ ಒಬ್ಬ. ಅವನ ಕುಂಚ ಗೋಡೆಗೆ ತಾಗಿತು, ಕೈ ಸಿಮೆಂಟಿಗೆ ತಾಗಲಿಲ್ಲ.

ಕೆಲವು ಇಸವಿಗಳನ್ನು ಒಟ್ಟಿಗಿಟ್ಟು ನೋಡಬೇಕು. ನಟ ಟಾಮ್ ಮಿಕ್ಸ್‌ನ ಕುದುರೆ ಟೋನಿಯ ಗೊರಸು ಅಂಗಳದಲ್ಲಿ ಅಚ್ಚಾದದ್ದು 1927ರಲ್ಲಿ. ಎಡ್ಗರ್ ಬರ್ಗನ್ ಎಂಬ ಮಾತಿನ ಕಲಾವಿದ ತನ್ನ ಮರದ ಗೊಂಬೆಯೊಡನೆ ಬಂದದ್ದು 1938ರಲ್ಲಿ. 1949ರಲ್ಲಿ ಇನ್ನೂ ಎರಡು ಕುದುರೆಗಳಿಗೆ ಸ್ಥಾನ ಸಿಕ್ಕಿತು. ಕಪ್ಪು ಜನಾಂಗದ ನಟನೊಬ್ಬ ಮೊದಲ ಬಾರಿಗೆ ಕೈ ಒತ್ತಿದ್ದು 1967ರಲ್ಲಿ, ಥಿಯೇಟರಿಗೆ ನಲವತ್ತು ತುಂಬಿದಾಗ. ಆತ ಸಿಡ್ನಿ ಪಾಯ್ಟಿಯರ್. ಮತ್ತೆ ಹತ್ತು ವರ್ಷಕ್ಕೆ 'ಸ್ಟಾರ್ ವಾರ್ಸ್' ಚಿತ್ರದ ಯಂತ್ರಮಾನವರೂ ಬಂದರು.

ಕಾಲ ಬದಲಾಗಿಲ್ಲವೆಂದಲ್ಲ. ಹಾಂಗ್‌ಕಾಂಗ್ ಚಿತ್ರಗಳಿಂದ ಬಂದ ನಿರ್ದೇಶಕ ಜಾನ್ ವೂ 2002ರಲ್ಲಿ, ಜಾಕಿ ಚಾನ್ 2013ರಲ್ಲಿ ಇಲ್ಲಿ ಅಚ್ಚು ಬಿಟ್ಟರು. ಅದೇ 2013ರಲ್ಲಿ ಟಿವಿ ತಯಾರಿಸುವ ಟಿಸಿಎಲ್ ಎಂಬ ಚೀನೀ ಕಂಪನಿ ಹಣ ಕೊಟ್ಟು ಥಿಯೇಟರಿನ ಹೆಸರಿಗೆ ತನ್ನ ಹೆಸರನ್ನು ಜೋಡಿಸಿತು. ಚೀನಾದ ವೇಷ ಹಾಕಿ ಎಂಬತ್ತಾರು ವರ್ಷ ದುಡಿದ ಕಟ್ಟಡಕ್ಕೆ ಕೊನೆಗೆ ನಿಜವಾದ ಚೀನೀ ಹಣ ಬಂತು. ಪೂರ್ವದ ಮಾರುಕಟ್ಟೆ ದೊಡ್ಡದಾದ ಹಾಗೆ ಪೂರ್ವದ ಕೈಗಳೂ ಅಂಗಳಕ್ಕೆ ಬಂದವೆಂದರೆ, ಅದು ಗ್ರೌಮನ್‌ಗೆ ಚೆನ್ನಾಗಿ ಅರ್ಥವಾಗುತ್ತಿದ್ದ ಲೆಕ್ಕವೇ.

ಕನ್ನಡ ನಾಡಿನವರು ಹುಡುಕಬಹುದಾದ ಒಂದು ಹೆಸರೂ ಅಂಗಳದಲ್ಲಿಲ್ಲ. ಹೆಗ್ಗಡದೇವನಕೋಟೆ ಸೀಮೆಯ ಕಾರಾಪುರದ ಮಾವುತನ ಮಗ ಸಾಬು, ಮೈಸೂರು ಅರಮನೆಯ ಆನೆಲಾಯದಲ್ಲಿ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ತಂಡದ ಕಣ್ಣಿಗೆ ಬಿದ್ದ. 1937ರ 'ಎಲಿಫೆಂಟ್ ಬಾಯ್' ಚಿತ್ರದಿಂದ ಜಗತ್ಪ್ರಸಿದ್ಧನಾದ. 1942ರ 'ಜಂಗಲ್ ಬುಕ್' ಚಿತ್ರದಲ್ಲಿ ಮೋಗ್ಲಿಯಾದ. ಅಮೆರಿಕದ ಪೌರನಾಗಿ ಎರಡನೇ ಮಹಾಯುದ್ಧದಲ್ಲಿ ಅವರ ಯುದ್ಧವಿಮಾನದಲ್ಲಿ ಕುಳಿತು ಹೋರಾಡಿದ. 1963ರಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ, ತೀರಿಕೊಂಡ. 1940ರಲ್ಲಿ ಮತ್ತೊಮ್ಮೆ ತಯಾರಾದ 'ದಿ ಥೀಫ್ ಆಫ್ ಬಾಗ್ದಾದ್' ಚಿತ್ರದ ಪುಟ್ಟ ಕಳ್ಳ ಅವನೇ. ವಾಂಗ್‌ಳಂತೆ ಅವನಿಗೂ ಸಿಮೆಂಟಿನ ಕರೆ ಬರಲಿಲ್ಲ. ಇಬ್ಬರಿಗೂ 1960ರಲ್ಲಿ ಕಾಲುದಾರಿಯ ನಕ್ಷತ್ರ ಸಿಕ್ಕಿತು. ಥಿಯೇಟರಿನ ಅಂಗಳದಿಂದ ಹೊರಬಂದು ಪೂರ್ವಕ್ಕೆ ವೈನ್ ಬೀದಿ ಕೂಡುವ ಚೌಕದ ತನಕ ನಡೆದರೆ ಎರಡೂ ನಕ್ಷತ್ರಗಳು ಅಲ್ಲಿಯೇ ಅಕ್ಕಪಕ್ಕದ ರಸ್ತೆಗಳಲ್ಲಿ ಕಾಣುತ್ತವೆ.