‘ಮಾಚಿಸ್ಮೊ’: ಒಂದು ಶಬ್ದದ ವಯಸ್ಸು

ಪೌರುಷದ ಅತಿರೇಕವನ್ನು ಸೂಚಿಸುವ ‘ಮಾಚಿಸ್ಮೊ’ ಎಂಬ ಸ್ಪ್ಯಾನಿಷ್ ಶಬ್ದವು ಇಂದು ಅನೇಕ ಭಾಷೆಗಳಲ್ಲಿ ಬಳಕೆಯಲ್ಲಿದೆ. ಸಾವಿಗೂ ಅಂಜೆನೆಂಬ ಜಂಬ, ಸ್ತ್ರೀಯರ ಮೇಲಣ ದರ್ಪ, ಅವಮಾನವಾದೊಡನೆ ಆಯುಧಕ್ಕೆ ಕೈಹಾಕುವ ಸ್ವಭಾವ, ಇವೆಲ್ಲವೂ ಅದರ ಅರ್ಥವ್ಯಾಪ್ತಿಗೆ ಸೇರುತ್ತವೆ. ಇದು ಮೆಕ್ಸಿಕೊ ಜನರ ಹುಟ್ಟುಗುಣವೆಂದೂ, 1519–21ರ ಸ್ಪ್ಯಾನಿಷ್ ದಂಡಯಾತ್ರೆಯ ಕಾಲದಿಂದಲೇ ಬಂದುದೆಂದೂ ಹೇಳುವುದು ವಾಡಿಕೆ. ಶಬ್ದದ ಇತಿಹಾಸವು ಈ ಮಾತಿಗೆ ಎಷ್ಟರಮಟ್ಟಿಗೆ ಆಧಾರವೀಯುತ್ತದೆಂಬುದು ಇಲ್ಲಿ ವಿಚಾರಣೀಯ.

ಮೂಲಪದವಾದ ‘ಮಾಚೊ’ ಪ್ರಾಚೀನವೆಂಬುದರಲ್ಲಿ ಸಂದೇಹವಿಲ್ಲ. ಗಂಡು ಎಂಬರ್ಥದ ಲ್ಯಾಟಿನ್ ಶಬ್ದ ‘ಮಾಸ್’. ಅದರ ಅಲ್ಪಾರ್ಥಕ ರೂಪ ‘ಮಾಸ್ಕುಲುಸ್’. ಅದೇ ಸ್ಪ್ಯಾನಿಷಿನಲ್ಲಿ ಸವೆದು ‘ಮಾಚೊ’ ಆಯಿತು. ಅದರ ಸಹಜಾರ್ಥವಾದರೋ ಪ್ರಾಣಿಗಳಲ್ಲಿ ಗಂಡು ಎಂಬುದಷ್ಟೇ. ಒಂದರೊಳಗೊಂದು ಕೂಡುವ ಸಲಕರಣೆಗಳಲ್ಲಿ ಒಳಹೊಗುವ ಭಾಗಕ್ಕೂ ಆ ಹೆಸರುಂಟು. ನಮ್ಮ ‘ಗಂಡ’ ಶಬ್ದವು ಹೊಯ್ಸಳರ ‘ಮಲೆಪರೊಳ್ ಗಂಡ’, ವಿಜಯನಗರದ ಅರಸರ ‘ಮೂರುರಾಯರ ಗಂಡ’ ಮೊದಲಾದ ಬಿರುದುಗಳ ಮೂಲಕ ಶಾಸನಗಳಲ್ಲಿಯೇ ಗೌರವಸ್ಥಾನವನ್ನು ಪಡೆದಿದೆ. ಪ್ರಾಣಿವಾಚಕವಾದ ‘ಮಾಚೊ’ ಮನುಷ್ಯನ ಹೊಗಳಿಕೆಯಾದುದು ಯಾವಾಗ ಎಂಬುದೇ ಪ್ರಶ್ನೆ.

ಮೆಕ್ಸಿಕೊದ ಪಂಡಿತರು ಈ ಗುಣಕ್ಕೆ ಮನಶ್ಶಾಸ್ತ್ರದಲ್ಲಿ ಕಾರಣವನ್ನು ಹುಡುಕಿದರು. 1934ರಲ್ಲಿ ಸಾಮುಯೆಲ್ ರಾಮೋಸ್, ಆಡ್ಲರನ ಸಿದ್ಧಾಂತವನ್ನನುಸರಿಸಿ, ನಗರದ ಬಡವನ ಆರ್ಭಟವು ಕೀಳರಿಮೆಯ ಮುಸುಕೆಂದು ವಾದಿಸಿದನು. 1950ರಲ್ಲಿ ಆಕ್ಟೇವಿಯೊ ಪಾಜ್ (ಮುಂದೆ 1962ರಿಂದ 1968ರವರೆಗೆ ದೆಹಲಿಯಲ್ಲಿ ರಾಯಭಾರಿಯಾಗಿದ್ದ ಕವಿ) ‘ಮಾಚೊ’ವಿನಲ್ಲಿ ದಂಡೆತ್ತಿ ಬಂದ ಸ್ಪ್ಯಾನಿಷನ ಪ್ರತಿರೂಪವನ್ನು ಕಂಡನು. ಪಾಜನ ಪ್ರಬಂಧ ಮನೋಹರವಾದುದು. ಆದರೆ ನಾಲ್ಕು ಶತಮಾನಗಳನ್ನು ಒಂದೇ ನೆಗೆತಕ್ಕೆ ದಾಟುವ ಕವಿಯ ಸ್ವಾತಂತ್ರ್ಯ ಇತಿಹಾಸಕಾರನಿಗೆ ಸಲ್ಲದು.

ಈ ನೆಗೆತವನ್ನು ತಡೆದವನು ಟೆಕ್ಸಾಸಿನ ಗಡಿನಾಡಿನಲ್ಲಿ ಹುಟ್ಟಿದ ಜಾನಪದ ವಿದ್ವಾಂಸ ಅಮೆರಿಕೊ ಪರೇದೆಸ್. 1967ರಲ್ಲಿ ಪ್ರಕಟವಾದ ಲೇಖನದಲ್ಲಿ ಅವನು ‘ಕೊರ್ರಿದೊ’ ಎಂಬ ಲಾವಣಿಗಳನ್ನು ಸಾಕ್ಷಿಗೆ ಕರೆದನು. 1910ರಲ್ಲಿ ಆರಂಭವಾದ ಕ್ರಾಂತಿಯ ಕಾಲದ ಲಾವಣಿಗಳಲ್ಲಿ ವೀರನನ್ನು ‘ಓಂಬ್ರೆ’, ಎಂದರೆ ಮನುಷ್ಯ, ಎಂದೂ ‘ವಾಲಿಯೆಂತೆ’, ಎಂದರೆ ಧೀರ, ಎಂದೂ ಕೊಂಡಾಡಲಾಗಿದೆ. ‘ಮಾಚೊ’ ಎಂಬುದು ಅಲ್ಲಿ ಮುಖ್ಯವಲ್ಲ. ಅದು ಹಾಡಿನಲ್ಲಿ ಮೆರೆಯತೊಡಗಿದುದು 1940ರ ದಶಕದಲ್ಲಿ. ಆಗ, 1940ರಿಂದ 1946ರವರೆಗೆ, ರಾಷ್ಟ್ರಾಧ್ಯಕ್ಷನಾಗಿದ್ದವನು ಮಾನುಯೆಲ್ ಆವಿಲಾ ಕಮಾಚೊ. ಅವನ ಹೆಸರಿನ ಬಾಲದಲ್ಲಿಯೇ ‘ಮಾಚೊ’ ಅಡಗಿದೆ! 1942ರಲ್ಲಿ ಮೆಕ್ಸಿಕೊ ಮಹಾಯುದ್ಧಕ್ಕೆ ಇಳಿದಾಗ ಹಾಡುಗಾರರಿಗೆ ಪ್ರಾಸವು ತಾನಾಗಿ ಒದಗಿತು. ಅದೇ ವರ್ಷಗಳಲ್ಲಿ ಹೋರ್ಹೆ ನೆಗ್ರೇತೆಯಂತಹ ನಟಗಾಯಕರು ಅಗಲವಾದ ಟೋಪಿಯ, ಸೊಂಟದಲ್ಲಿ ಪಿಸ್ತೂಲಿನ ನಾಯಕನನ್ನು ಬೆಳ್ಳಿತೆರೆಗೆ ತಂದರು.

ಪರೇದೆಸನ ಎರಡನೆಯ ವಾದ ಇನ್ನೂ ಹರಿತವಾದುದು. ಪಿಸ್ತೂಲು ಹಿಡಿದು ಜಂಬ ಕೊಚ್ಚುವ ವೀರನು ಮೆಕ್ಸಿಕೊದ ಏಕಸ್ವಾಮ್ಯವಲ್ಲ. ಡೇವಿ ಕ್ರಾಕೆಟನ ದಂತಕಥೆಗಳಲ್ಲಿ ಅವನು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿಯೂ ಮೆರೆದಿದ್ದಾನೆ. ಸುತ್ತುಗೋವಿಯ ಪಿಸ್ತೂಲಿಗೆ 1836ರಲ್ಲಿ ಅಮೆರಿಕದಲ್ಲಿ ಹಕ್ಕುಪತ್ರ ಪಡೆದವನು ಕೋಲ್ಟ್. 1848ರಲ್ಲಿ ಮೆಕ್ಸಿಕೊದ ಅರ್ಧದಷ್ಟು ನೆಲವನ್ನು ಯುದ್ಧದಿಂದ ಪಡೆದ ದೇಶವು ಆಕ್ರಮಣಶೀಲತೆಗೆ ಸೋತವನ ಭಾಷೆಯ ಹೆಸರನ್ನು ಎರವಲು ತಂದುದು ಚೋದ್ಯವೇ ಸರಿ.

ಈ ಪ್ರಮಾಣಗಳಿಗೂ ಮಿತಿಯುಂಟು. ‘ಮಾಚೊ’ ಹಿಂದೆ ಅಶ್ಲೀಲಪ್ರಾಯವಾಗಿದ್ದಿತೆಂದು ಪರೇದೆಸನೇ ಹೇಳುತ್ತಾನೆ. ಹಾಗಿದ್ದರೆ ಅಚ್ಚಾದ ಲಾವಣಿಗಳಲ್ಲಿ ಅದು ವಿರಳವೆಂದಮಾತ್ರಕ್ಕೆ ಹೆಂಡದಂಗಡಿಯ ಮಾತಿನಲ್ಲಿಯೂ ಇರಲಿಲ್ಲವೆನ್ನಲಾಗದು. ಹೆಂಡತಿಯನ್ನು ಹೊಡೆಯುವ ಗಂಡಸು ಶಬ್ದಕ್ಕಾಗಿ ಕಾದಿರಲೂ ಇಲ್ಲ. ಈಚಿನದೆಂದು ಸಿದ್ಧವಾಗುವುದು ಕ್ರೌರ್ಯವಲ್ಲ, ಅದನ್ನು ಒಂದು ರಾಷ್ಟ್ರದ ಲಕ್ಷಣವೆಂದು ಕರೆದ ರೂಢಿ.

ಶಬ್ದವು ಅಲ್ಲಿಗೂ ನಿಲ್ಲಲಿಲ್ಲ. ಮೆಕ್ಸಿಕೊ ನಗರದ ಸಾಂತೊ ದೊಮಿಂಗೊ ಬಡಾವಣೆಯಲ್ಲಿ ವಾಸಿಸಿ ಅಧ್ಯಯನ ನಡೆಸಿದ ಮಾನವಶಾಸ್ತ್ರಜ್ಞ ಮ್ಯಾಥ್ಯೂ ಗಟ್‌ಮನ್ 1996ರಲ್ಲಿ ಬರೆದಂತೆ, ಅಲ್ಲಿನ ಹಿರಿಯರಿಗೆ ‘ಮಾಚೊ’ ಎಂದರೆ ಸಂಸಾರವನ್ನು ಸಾಕುವ ಮಾನವಂತ. ಅವನಿಗೆ ಎದುರಾದವನು ‘ಮಾಂದಿಲೋನ್’. ಅಡುಗೆಯ ಮುಂಬಟ್ಟೆಯಿಂದ ಬಂದ ಈ ಹೆಸರು ಕೈಲಾಸಂ ನಾಟಕದ ಶೀರ್ಷಿಕೆಯಾದ ‘ಅಮ್ಮಾವ್ರ ಗಂಡ’ನಿಗೆ ಸಮೀಪವಾದುದು. ಕಿರಿಯ ಗಂಡಸರಾದರೋ ತಾವು ಇವೆರಡೂ ಅಲ್ಲವೆಂದರು.