ಇರುಳ ಕ್ಯಾಮೆರಾದ ಗುಂಡಿ ಒತ್ತುವವರಾರು?

ಕಾಡುಪ್ರಾಣಿಯ ಚಿತ್ರವನ್ನು ಅದರ ಕೈಯಿಂದಲೇ ತೆಗೆಸುವ ಉಪಾಯಕ್ಕೆ ನೂರು ವರ್ಷ ದಾಟಿದೆ. ಬೇಟೆ ಬಿಟ್ಟು ಕ್ಯಾಮೆರಾ ಹಿಡಿದ ಅಮೆರಿಕದ ವಕೀಲ ಜಾರ್ಜ್ ಶಿರಾಸ್ ಮಿಶಿಗನ್ನಿನ ವೈಟ್‌ಫಿಶ್ ಸರೋವರದ ದಂಡೆಯಲ್ಲಿ ದಾರ ಕಟ್ಟುತ್ತಿದ್ದರು. ಪ್ರಾಣಿ ದಾರ ಎಳೆದರೆ ಮೆಗ್ನೀಸಿಯಂ ಪುಡಿ ಭಗ್ಗನೆ ಉರಿದು ಚಿತ್ರ ಬೀಳುತ್ತಿತ್ತು. 1906ರ ಜುಲೈ ಸಂಚಿಕೆಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಅವರ 74 ಚಿತ್ರಗಳನ್ನು ಅಚ್ಚುಹಾಕಿತು. ಒಂದು ಪ್ಲೇಟು, ಒಂದೇ ಅವಕಾಶ. ಇಲಿ ದಾರ ಎಡವಿದರೂ ಆ ರಾತ್ರಿಯ ಕೆಲಸ ಮುಗಿಯಿತು.

ನಮ್ಮಲ್ಲಿ ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್ 1920ರ ದಶಕದಲ್ಲಿ ಹಿಮಾಲಯದ ತಪ್ಪಲಿನ ಕಾಡುಗಳಲ್ಲಿ ಹುಲಿಯ ಜಾಡಿಗೆ ತಂತಿ ಬಿಗಿದರು. ಹುಲಿ ಹೊಡೆಯುವುದೇ ದೊಡ್ಡಸ್ತಿಕೆಯಾಗಿದ್ದ ಕಾಲ ಅದು. ಚಿತ್ರಗಳನ್ನು ಪಕ್ಕಪಕ್ಕ ಇಟ್ಟು, ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ ಎಂದು ಅವರು ಗುರುತಿಸಿದರು. ನನಗೆ ಚಿತ್ರಗಳಿಗಿಂತ ಈ ಗಮನಿಕೆಯೇ ದೊಡ್ಡದು.

ಆದರೂ ದೇಶ ಬಹುಕಾಲ ಹೆಜ್ಜೆಗುರುತು ನೋಡಿಯೇ ಹುಲಿ ಎಣಿಸಿತು. ಶಿವರಾಮ ಕಾರಂತರ ಮಗ ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್ ಹೂಡಿದರು. ಜಾಡಿನ ಎರಡೂ ಬದಿಗೆ ಒಂದೊಂದು ಕ್ಯಾಮೆರಾ, ಏಕೆಂದರೆ ಎಡಮೈಯ ಪಟ್ಟೆ ಬಲಮೈಗೆ ಹೋಲದು. ಯಾವ ಹುಲಿ ಎಷ್ಟು ಸಲ ಸಿಕ್ಕಿತು ಎಂಬುದರಿಂದ, ಸಿಗದೆ ಉಳಿದವುಗಳನ್ನೂ ಅಂದಾಜಿಸುವ ಲೆಕ್ಕ ಅವರ 1995ರ ಪ್ರಬಂಧದಲ್ಲಿದೆ. ಸರಿಸ್ಕದಲ್ಲಿ ಒಂದೂ ಹುಲಿ ಉಳಿದಿಲ್ಲವೆಂದು 2005ರಲ್ಲಿ ಖಚಿತವಾದ ಮೇಲಷ್ಟೇ ದೆಹಲಿ ಹಳೆಯ ಎಣಿಕೆ ಕೈಬಿಟ್ಟಿತು.

ಅಷ್ಟರಲ್ಲಿ ದಾರದ ಕೆಲಸ ಸೆನ್ಸರಿಗೆ ದಾಟಿತ್ತು. ಇಂದಿನ ಬಹುಪಾಲು ಟ್ರ್ಯಾಪ್‌ಗಳು ಸುತ್ತಲಿನದಕ್ಕಿಂತ ಬೇರೆ ಶಾಖದ ಮೈ ಚಲಿಸಿದಾಗ ಎಚ್ಚರಗೊಳ್ಳುತ್ತವೆ. ಪೇಚೂ ಇಲ್ಲೇ. ಬಿಸಿಲಿಗೆ ಕಾದ ಎಲೆ ಅಲ್ಲಾಡಿದರೂ ಕ್ಲಿಕ್. ಕಡು ಬೇಸಿಗೆಯಲ್ಲಿ ಗಾಳಿಯೂ ಮೈಯೂ ಒಂದೇ ಬಿಸಿಯಾದರೆ ಪ್ರಾಣಿ ಎದುರಿಗಿದ್ದರೂ ಸುಮ್ಮನೆ. ಅಡ್ಡ ಹಾಯುವ ಪ್ರಾಣಿಯನ್ನು ಸೆನ್ಸರ್ ಬೇಗ ಹಿಡಿಯುತ್ತದೆ, ಆದರೆ ಕ್ಯಾಮೆರಾ ಕಣ್ಣು ಬಿಡುವಷ್ಟರಲ್ಲಿ ಬಾಲವಷ್ಟೇ ಉಳಿದಿರುತ್ತದೆ. ವಿಡಿಯೊ ಶುರುವಾಗಲು ಇನ್ನೂ ತಡ. ಅದಕ್ಕೇ ಬಲ್ಲವರು ಜಾಡಿಗೆ ತುಸು ಓರೆಯಾಗಿ, ಮೊಣಕಾಲೆತ್ತರದಲ್ಲಿ ಕಟ್ಟಿ, ಎದುರಿನ ಹುಲ್ಲು ಸವರುತ್ತಾರೆ. ಅಂದವಾದ ಚಿತ್ರ ಬೇಕೆನ್ನುವವರು ಅಡ್ಡಕಿರಣದ ಸೆನ್ಸರನ್ನೇ ನೆಚ್ಚುತ್ತಾರೆ: ಫೋಕಸ್ ಮೊದಲೇ ನಿಲ್ಲಿಸಿದ ಜಾಗಕ್ಕೆ ಪ್ರಾಣಿ ಬಂದಾಗಲೇ ಕಿರಣ ಕಡಿಯಬೇಕು.

ಬೆಳಕಿನ ಜಗಳ ಇನ್ನೂ ತೀರಿಲ್ಲ. 940 ನ್ಯಾನೊಮೀಟರಿನ ಇನ್‌ಫ್ರಾರೆಡ್ ಕಣ್ಣಿಗೆ ಬೀಳುವುದೇ ಇಲ್ಲವೆನ್ನಬಹುದು; ಆದರೆ ದೂರ ಹೋಗದು, ಚಿತ್ರ ಕಪ್ಪುಬಿಳುಪು. 850ರದ್ದು ಹೆಚ್ಚು ದೂರ ಬೆಳಗುತ್ತದೆ, ಮಂದ ಕೆಂಪು ಮಿನುಗಿ ಗುಟ್ಟೂ ಬಿಡುತ್ತದೆ. ಪಟ್ಟೆ ಎಣಿಸುವವರಿಗೆ ಬಿಳಿ ಫ್ಲ್ಯಾಷೇ ಹಿತ. ಸಹಜ ನಡವಳಿಕೆ ಚಿತ್ರಿಸುವವರು ಕಾಣದ ಬೆಳಕಿನ ಕಡೆಗೆ.

ಶಿರಾಸರಿಗೆ ಚಿತ್ರ ಸಾಲದಿತ್ತು, ಈಗ ಅದೇ ಹೊರೆ. 2018ರ ಹುಲಿ ಗಣತಿಯಲ್ಲಿ 26,838 ಕಡೆ ಇಟ್ಟ ಕ್ಯಾಮೆರಾಗಳು 3.48 ಕೋಟಿಗೂ ಹೆಚ್ಚು ಚಿತ್ರ ತೆಗೆದವು, ಹುಲಿಯಿದ್ದದ್ದು 76,651ರಲ್ಲಿ. ಉಳಿದದ್ದನ್ನು ಸೋಸಲು ಸಾಫ್ಟ್‌ವೇರ್ ಬೇಕಾಯಿತು. ಕಾನ್ಹಾ–ಪೆಂಚ್ ಸೀಮೆಯಲ್ಲಿ ಹೂಡಿನೋಡಿದ ಕ್ಯಾಮೆರಾಗಳಂತೂ ಹುಲಿಯನ್ನು ತಾವೇ ಗುರುತಿಸಿ ಸಿಬ್ಬಂದಿಯ ಮೊಬೈಲಿಗೆ ಚಿತ್ರ ರವಾನಿಸುತ್ತವೆ. ಸಿಗ್ನಲ್ ಸಿಗದ ಮಲೆನಾಡಿನ ಕಣಿವೆಗಳಲ್ಲಿ ಮಾತ್ರ ವಾಚರುಗಳೇ ನಡೆದುಹೋಗಿ ಕಾರ್ಡು ಬದಲಿಸಬೇಕು, ಆನೆ ಕಿತ್ತೆಸೆದಿದ್ದರೆ ಕ್ಯಾಮೆರಾವನ್ನೂ ಹುಡುಕಬೇಕು.