ಆರ್ಯಭಟದಿಂದ ಸ್ರಾಸ್‌ವರೆಗೆ: ಚಿಕ್ಕ ಉಪಗ್ರಹಗಳ ವಿಜ್ಞಾನಕಾರ್ಯ

ಎರಡು ರೂಪಾಯಿಯ ನೋಟಿನ ಬೆನ್ನಿನಲ್ಲಿ ಬಹುಕಾಲ ಅಚ್ಚಾಗುತ್ತಿದ್ದ ಚಿತ್ರದಿಂದಾಗಿ ಆರ್ಯಭಟ ಉಪಗ್ರಹದ ರೂಪ ಭಾರತೀಯರಿಗೆ ಚಿರಪರಿಚಿತವಾಯಿತು. ಸ್ರಾಸ್-ಸಿ2 ಎಂಬ ಹೆಸರಾದರೋ ವಿಜ್ಞಾನಿಗಳ ಬಳಗದ ಹೊರಗೆ ಕೇಳಿಬಂದುದೇ ಅಪರೂಪ. ಸ್ವಲ್ಪ ಹಣದಿಂದ ನಿರ್ಮಿಸಿದ ಚಿಕ್ಕ ಉಪಗ್ರಹವೊಂದು ಎಷ್ಟರಮಟ್ಟಿನ ಸಂಶೋಧನೆಯನ್ನು ನಡೆಸಬಲ್ಲುದೆಂಬ ಪ್ರಶ್ನೆಯನ್ನು ಎತ್ತಿಕೊಂಡಾಗ ಇವೆರಡನ್ನೂ ಜೊತೆಯಲ್ಲಿಟ್ಟು ನೋಡುವುದು ಅವಶ್ಯಕ. ಹಾಗೆ ನೋಡಿದರೆ ಕೀರ್ತಿಯು ಒಂದರ ಪಾಲಿಗೂ, ವೈಜ್ಞಾನಿಕ ಫಲವು ಬಹುಮಟ್ಟಿಗೆ ಇನ್ನೊಂದರ ಪಾಲಿಗೂ ಬಂದಿರುವುದು ಕಂಡುಬರುತ್ತದೆ.

ಆರ್ಯಭಟಕ್ಕಿಂತ ಮೊದಲೇ ಭಾರತದಲ್ಲಿ ಮೇಲಣ ಆಕಾಶದ ಅಧ್ಯಯನ ಆರಂಭವಾಗಿದ್ದಿತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರು ಹೈದರಾಬಾದಿನಿಂದ ಬೆಲೂನುಗಳನ್ನು ಹಾರಿಸುತ್ತಿದ್ದರು. 1963ರ ನವೆಂಬರ್ 21ರಂದು ಕೇರಳದ ತುಂಬಾದಿಂದ ಮೊದಲ ರಾಕೆಟ್ಟು ಮೇಲೇರಿತು. ಆದರೆ ಇವೆರಡಕ್ಕೂ ಮಿತಿಗಳಿದ್ದುವು. ನಕ್ಷತ್ರಗಳಿಂದ ಬರುವ ಕ್ಷಕಿರಣಗಳಲ್ಲಿ ಬಹುಭಾಗವನ್ನು ವಾಯುಮಂಡಲ ಹೀರಿಬಿಡುವುದರಿಂದ, ಬೆಲೂನಿನ ಎತ್ತರದಲ್ಲಿ ದೊರೆಯತಕ್ಕದ್ದು ಅತಿ ತೀಕ್ಷ್ಣ ಕಿರಣಗಳಷ್ಟೆ. ರಾಕೆಟ್ಟು ಎತ್ತರಕ್ಕೇನೋ ಹೋಗುತ್ತದೆ. ಆದರೆ ಅಲ್ಲಿ ಅದು ನಿಲ್ಲುವುದು ಕೆಲವೇ ನಿಮಿಷ. ಎತ್ತರವೂ ಕಾಲಾವಕಾಶವೂ ಕೂಡಿ ದೊರೆಯುವುದು ಉಪಗ್ರಹದಲ್ಲಿ ಮಾತ್ರ.

1972ರ ಮೇ 10ರಂದು ಸೋವಿಯತ್ ವಿಜ್ಞಾನ ಅಕಾಡೆಮಿಯೊಡನೆ ಒಪ್ಪಂದವಾಯಿತು. ಉಡಾವಣೆಯ ಹೊಣೆಯನ್ನು ಸೋವಿಯತ್ ಪಕ್ಷದವರು ವಹಿಸಿಕೊಂಡರು. ಉಪಗ್ರಹದ ನಿರ್ಮಾಣ ಭಾರತದ ಪಾಲಿಗೆ ಬಂದಿತು. ಉಡುಪಿಯ ಬಳಿಯ ಅದಮಾರಿನಲ್ಲಿ 1932ರಲ್ಲಿ ಜನಿಸಿದ ಉಡುಪಿ ರಾಮಚಂದ್ರ ರಾವ್ ಅವರ ನೇತೃತ್ವದಲ್ಲಿ, ಬೆಂಗಳೂರಿನ ಪೀಣ್ಯ ಕೈಗಾರಿಕಾ ಬಡಾವಣೆಯ ಕಲ್ನಾರು ಛಾವಣಿಯ ಶೆಡ್ಡುಗಳಲ್ಲಿ, ಸುಮಾರು 3 ಕೋಟಿ ರೂಪಾಯಿಗಳ ಅಂದಾಜಿನಲ್ಲಿ ಕೆಲಸ ಮೊದಲಾಯಿತು. ಉಪಗ್ರಹದ ಸಂಕೇತಗಳನ್ನು ಬೆಂಗಳೂರಿನಲ್ಲಿ ಸ್ವೀಕರಿಸುವುದಕ್ಕಾಗಿ ಒಂದು ಶೌಚಾಲಯವನ್ನೇ ಮಾರ್ಪಡಿಸಿಕೊಂಡ ಸಂಗತಿಯನ್ನು ರಾವ್ ಅವರೇ ಮುಂದೆ ಹೇಳಿಕೊಂಡಿರುವುದುಂಟು. ಇದನ್ನು ಬಡತನದ ಹೆಗ್ಗಳಿಕೆಯೆಂದು ಕೊಂಡಾಡುವುದು ರೂಢಿಯಾಗಿದೆ. ಆದರೆ ಕೊಠಡಿಯ ಕೊರತೆ ಕೊರತೆಯೇ. ಅದರ ನಡುವೆಯೂ ಕೆಲಸ ಮೂರೇ ವರ್ಷಗಳಲ್ಲಿ ಮುಗಿದುದು ಗಮನಾರ್ಹ.

ಇಪ್ಪತ್ತಾರು ಮುಖಗಳುಳ್ಳ, ಸುಮಾರು 360 ಕಿಲೋಗ್ರಾಂ ತೂಕದ ಆರ್ಯಭಟವು 1975ರ ಏಪ್ರಿಲ್ 19ರಂದು ಕಪುಸ್ತಿನ್ ಯಾರ್ ನೆಲೆಯಿಂದ ಕಕ್ಷೆಯನ್ನು ಸೇರಿತು. ಅದರಲ್ಲಿ ಮೂರು ಪ್ರಯೋಗಗಳಿದ್ದುವು: ಬೆಂಗಳೂರಿನವರ ಕ್ಷಕಿರಣ ಖಗೋಳವೀಕ್ಷಣೆ, ಟಾಟಾ ಸಂಸ್ಥೆಯವರ ಸೌರ ನ್ಯೂಟ್ರಾನ್ ಮತ್ತು ಗಾಮಾ ಕಿರಣಗಳ ಶೋಧ, ಅಹಮದಾಬಾದಿನ ಭೌತಸಂಶೋಧನಾಲಯದವರ ಅಯಾನ್ ಮಂಡಲದ ಅಧ್ಯಯನ. ನಾಲ್ಕು ದಿನಗಳು, ಸುಮಾರು ಅರುವತ್ತು ಪ್ರದಕ್ಷಿಣೆಗಳು ಕಳೆಯುವಷ್ಟರಲ್ಲಿ ಪ್ರಯೋಗಗಳಿಗೆ ವಿದ್ಯುತ್ತನ್ನು ಒದಗಿಸುವ ಮಾರ್ಗ ಕೆಟ್ಟಿತು. ಮೂರು ಉಪಕರಣಗಳೂ ಮೌನವಾದುವು. ಉಪಗ್ರಹದ ಉಳಿದ ಭಾಗ ಮಾತ್ರ 1981ರ ಮಾರ್ಚಿಯವರೆಗೂ ಚೇತನವನ್ನು ಉಳಿಸಿಕೊಂಡಿತ್ತು.

ಆ ನಾಲ್ಕು ದಿನಗಳು ಸಂಪೂರ್ಣ ನಿಷ್ಫಲವಾದುವೆನ್ನುವಂತಿಲ್ಲ. ಸಿಗ್ನಸ್ ಎಕ್ಸ್-1 ಎಂಬ ಪ್ರಸಿದ್ಧ ಕ್ಷಕಿರಣಮೂಲವನ್ನು ಆರ್ಯಭಟದಿಂದ ವೀಕ್ಷಿಸಿದ ವಿವರ 1976ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆದರೂ ಆ ಉಪಗ್ರಹದಿಂದ ದೊರೆತ ದೊಡ್ಡ ಲಾಭ ನಿರ್ಮಾಣವಿದ್ಯೆಯದು. ವಿಜ್ಞಾನದ ಲಾಭ ಅಲ್ಪ. ಇದನ್ನು ಮರೆಮಾಚಿ ಬರೆದ ವೃತ್ತಾಂತಗಳು ಆರ್ಯಭಟಕ್ಕೇನೂ ಉಪಕಾರ ಮಾಡಿಲ್ಲ.

ಕೆಟ್ಟುಹೋದದ್ದು ಒಂದು ವಿದ್ಯುನ್ಮಾರ್ಗವಾದರೂ ಯೋಜನೆಯಲ್ಲಿಯೇ ಒಂದು ಇಕ್ಕಟ್ಟು ಅಡಗಿದ್ದಿತೆನ್ನಬಹುದು. ಮೊತ್ತಮೊದಲ ಉಪಗ್ರಹದಲ್ಲಿಯೇ ಮೂರು ಬೇರೆ ಬೇರೆ ಶಾಸ್ತ್ರಗಳ ಪ್ರಶ್ನೆಗಳನ್ನು ಹೊರಿಸಲಾಗಿತ್ತು. ಚಿಕ್ಕ ಉಪಗ್ರಹಕ್ಕೆ ಎಂಥ ಪ್ರಶ್ನೆ ಒಪ್ಪುತ್ತದೆ ಎಂಬ ವಿವೇಚನೆ ಸ್ಪಷ್ಟವಾಗಿ ಕಾಣಬರುವುದು ಸ್ರಾಸ್ ಮಾಲೆಯಲ್ಲಿ, ಅದೂ ಬಹಳ ನಷ್ಟದ ತರುವಾಯ. ಹಿಗ್ಗಿಸಿದ ರೋಹಿಣಿ ಮಾಲೆ ಎಂಬರ್ಥದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಆದುದು ಸ್ರಾಸ್. ಇವನ್ನು ಸ್ವದೇಶದ ಎಎಸ್‌ಎಲ್‌ವಿ ವಾಹನದಿಂದಲೇ ಶ್ರೀಹರಿಕೋಟೆಯಲ್ಲಿ ಉಡಾಯಿಸಬೇಕಾಗಿತ್ತು. 1987ರ ಮಾರ್ಚ್ 24ರಂದು ವಾಹನ ವಿಫಲವಾಯಿತು. 1988ರ ಜುಲೈ 13ರಂದು ಜರ್ಮನಿಯ ಕ್ಯಾಮೆರಾವನ್ನೂ ಹೊತ್ತ ಎರಡನೆಯ ಉಪಗ್ರಹ ವಾಹನಸಮೇತ ಬಂಗಾಳ ಕೊಲ್ಲಿಯ ಪಾಲಾಯಿತು. 1992ರ ಮೇ 20ರಂದು ಮೂರನೆಯದು ಕಕ್ಷೆಗೇನೋ ಸೇರಿತು. ಆದರೆ ಉದ್ದೇಶಿಸಿದುದಕ್ಕಿಂತ ತಗ್ಗಾದ ಕಕ್ಷೆಯಾದುದರಿಂದ ಎರಡು ತಿಂಗಳೊಳಗೆ ವಾಯುಮಂಡಲಕ್ಕೆ ಬಿದ್ದು ಉರಿದುಹೋಯಿತು. ಅಲ್ಪವೆಚ್ಚದ ಉಪಗ್ರಹಗಳ ಲೆಕ್ಕ ಬರೆಯುವವರು ಈ ಮೂರನ್ನೂ ಖರ್ಚಿನ ಕಡೆಗೆ ಹಾಕುವುದು ನ್ಯಾಯ. ಕೊನೆಗೆ ಗೆದ್ದ ಒಂದರ ಬೆಲೆಯನ್ನಷ್ಟೇ ಹೇಳಿದರೆ ಅಗ್ಗವೆಂಬ ಮಾತು ಸುಲಭವಾಗಿಬಿಡುತ್ತದೆ.

1994ರ ಮೇ 4ರಂದು ಮೇಲೇರಿದ ಸ್ರಾಸ್-ಸಿ2 ಸುಮಾರು 115 ಕಿಲೋಗ್ರಾಂ ತೂಕದ್ದು, ಎಂದರೆ ಆರ್ಯಭಟದ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. ಅದು ಹೊತ್ತುದು ಎರಡೇ ಉಪಕರಣಗಳನ್ನು. ಒಂದು, ಬೆಂಗಳೂರಿನ ಉಪಗ್ರಹ ಕೇಂದ್ರದಲ್ಲಿ ಸಿದ್ಧವಾದ ಗಾಮಾ ಸ್ಫೋಟಗಳ ಶೋಧಕ. ಇನ್ನೊಂದು, ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದವರು ರಚಿಸಿದ ಅಯಾನ್ ಮಂಡಲದ ವಿಶ್ಲೇಷಕ.

ಗಾಮಾ ಸ್ಫೋಟಗಳ ಕಥೆಯೇ ವಿಚಿತ್ರವಾದುದು. ಪರಮಾಣು ಪರೀಕ್ಷೆಗಳನ್ನು ಕಾಯಲೆಂದು ಅಮೆರಿಕ ಹಾರಿಸಿದ ವೇಲಾ ಉಪಗ್ರಹಗಳು 1967ರಲ್ಲಿ ಇವನ್ನು ಮೊದಲು ದಾಖಲಿಸಿದುವು. ಲೋಕಕ್ಕೆ ತಿಳಿದುದು 1973ರಲ್ಲಿ. ಸ್ಫೋಟ ಯಾವ ದಿಕ್ಕಿನಿಂದ, ಯಾವ ಕ್ಷಣದಲ್ಲಿ ಬರುವುದೆಂಬುದು ಮೊದಲೇ ತಿಳಿಯದು; ಬಂದರೆ ಕೆಲವು ಸೆಕೆಂಡುಗಳಲ್ಲೇ ಮುಗಿದುಹೋಗುವುದೂ ಉಂಟು. ಆದುದರಿಂದ ಇದಕ್ಕೆ ದೊಡ್ಡ ದರ್ಪಣ ಬೇಡ, ಒಂದು ನಕ್ಷತ್ರದತ್ತಲೇ ಅಲುಗದೆ ನೋಡುವ ಸ್ಥಿರತೆಯೂ ಬೇಡ. ಬೇಕಾದುದು ಗಾಮಾ ಕಿರಣ ತಾಗಿದಾಗ ಮಿನುಗತಕ್ಕ ಸೀಸಿಯಂ ಅಯೊಡೈಡ್ ಹರಳು, ನಿಖರವಾದ ಗಡಿಯಾರ, ಚಿಕ್ಕದೊಂದು ಸ್ಮೃತಿಕೋಶ, ಎಲ್ಲಕ್ಕಿಂತ ಹೆಚ್ಚಾಗಿ ಎಚ್ಚರದಿಂದ ಕಾದಿರುವ ಕಾಲ. ಬಡ ಉಪಗ್ರಹದ ದೌರ್ಬಲ್ಯಗಳಾವುವೂ ಅಡ್ಡಬಾರದಂಥ ಪ್ರಶ್ನೆ ಇದು. ಆರೇ ತಿಂಗಳ ಆಯುಷ್ಯಕ್ಕೆಂದು ಯೋಜಿಸಿದ್ದ ಉಪಗ್ರಹ ಏಳು ವರ್ಷ ಬಾಳಿ 53 ಸ್ಫೋಟಗಳನ್ನು ಗುರುತಿಸಿತು.

ಈ ಸಂಖ್ಯೆಯನ್ನು ಹೊಗಳುವ ಮುನ್ನ ಹೋಲಿಸಿ ನೋಡುವುದು ಒಳ್ಳೆಯದು. 1991ರಲ್ಲಿ ಅಮೆರಿಕದವರು ಹಾರಿಸಿದ ಕಾಂಪ್ಟನ್ ವೀಕ್ಷಣಾಲಯ ಸುಮಾರು 17 ಟನ್ ತೂಗುತ್ತಿತ್ತು. ಅದರ ಒಂದು ಉಪಕರಣವೇ ಒಂಬತ್ತು ವರ್ಷಗಳಲ್ಲಿ 2,704 ಸ್ಫೋಟಗಳನ್ನು ಕಂಡಿತು. ಅದರ ಮುಂದೆ 53 ಎಂಬುದು ಹಿಡಿಯಷ್ಟು. ಹಾಗಾದರೆ ಚಿಕ್ಕದರ ಪ್ರಯೋಜನವೇನು? ಒಂದು ಸ್ಫೋಟದ ಅಲೆ ಭೂಮಿಯ ಬಳಿಯ ಉಪಗ್ರಹಕ್ಕೂ ಬಹುದೂರದ ಗಗನನೌಕೆಗೂ ತಲಪುವ ವೇಳೆಗಳಲ್ಲಿ ಅಂತರವಿರುತ್ತದೆ. ಆ ಅಂತರದಿಂದ ಸ್ಫೋಟದ ದಿಕ್ಕನ್ನು ಗಣಿಸಬಹುದು. ಇದಕ್ಕಾಗಿ ಹಲವು ದೇಶಗಳ ನೌಕೆಗಳು ಕೂಡಿದ ಅಂತರಗ್ರಹ ಜಾಲದಲ್ಲಿ ಸ್ರಾಸ್-ಸಿ2 ಸಹ ಒಂದು ಕೊಂಡಿಯಾಗಿತ್ತು. ಜಾಲಕ್ಕೆ ಗಂಟಿನ ಗಾತ್ರಕ್ಕಿಂತ ಗಂಟು ಇರಬೇಕಾದ ಸ್ಥಾನ ಮುಖ್ಯ.

ದೆಹಲಿಯವರ ಉಪಕರಣದ ಸಂಗತಿ ಇನ್ನೂ ಸರಳ. ಅದು ಅಳೆಯಬೇಕಾಗಿದ್ದುದು ದೂರದ ವಸ್ತುವನ್ನಲ್ಲ; ಉಪಗ್ರಹ ಯಾವ ವಿರಳ ವಿದ್ಯುದನಿಲದೊಳಗೆ ಸಂಚರಿಸುತ್ತಿತ್ತೋ ಅದರ ಸಾಂದ್ರತೆಯನ್ನೂ ಉಷ್ಣತೆಯನ್ನೂ. ಕಕ್ಷೆಯನ್ನು ತಗ್ಗಿಸಿ ಸುಮಾರು 430ರಿಂದ 630 ಕಿಲೋಮೀಟರುಗಳ ನಡುವೆ ನಿಲ್ಲಿಸಲಾಯಿತು. ಉಪಗ್ರಹ ಬಾಳಿದ ಅವಧಿಯೂ ಅನಿರೀಕ್ಷಿತವಾಗಿ ಅನುಕೂಲವಾಯಿತು: ಸೂರ್ಯನ ಚಟುವಟಿಕೆ ಕನಿಷ್ಠವಾಗಿದ್ದ 1995-96ರ ಕಾಲವನ್ನೂ ಗರಿಷ್ಠಕ್ಕೇರಿದ 2000ದ ಕಾಲವನ್ನೂ ಒಂದೇ ಉಪಕರಣ ಕಂಡಿತು. ಸೂರ್ಯೋದಯದ ವೇಳೆ ಇಲೆಕ್ಟ್ರಾನುಗಳ ಉಷ್ಣತೆ ಹಠಾತ್ತನೆ ಏರುವುದು ಭಾರತದ ಮೇಲಣ ಆಕಾಶದಲ್ಲಿ ಋತುಋತುವಿಗೂ ಹೇಗೆ ವ್ಯತ್ಯಾಸಗೊಳ್ಳುತ್ತದೆಂಬುದನ್ನು ಈ ಅಳತೆಗಳಿಂದ ಪರಿಶೀಲಿಸಲಾಯಿತು. ಉಪಕರಣವನ್ನು ರಚಿಸಿದವರಷ್ಟೇ ಅಲ್ಲದೆ, ಉಪಗ್ರಹ ನಿರ್ಮಾಣದೊಡನೆ ಸಂಬಂಧವಿರದ ಅಸ್ಸಾಮಿನ ದಿಬ್ರುಗಢ ವಿಶ್ವವಿದ್ಯಾಲಯದಂಥ ಕಡೆಗಳ ವಿದ್ವಾಂಸರೂ ಈ ಅಂಕಿಗಳನ್ನು ಬಳಸಿಕೊಂಡರು. 2001ರ ಜುಲೈಯಲ್ಲಿ ಉಪಗ್ರಹ ವಾಯುಮಂಡಲವನ್ನು ಹೊಕ್ಕು ನಾಶವಾಯಿತು. ಅದು ಕಳುಹಿಸಿದ ಅಂಕಿಗಳನ್ನು ಆಧರಿಸಿದ ಲೇಖನಗಳು ಆಮೇಲೂ ಹಲವು ವರ್ಷ ಪ್ರಕಟವಾಗುತ್ತ ಬಂದುವು.